ಹೆಣದ ಪಾರ್ಟು

ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಟೀ ಸಾಲು ಆಮೆಯಂತೆ ತೆವಳುತ್ತಿತ್ತು. ಲೈಬ್ರರಿಯ ಮೇಡಂ ಮುಂದೆ ಇಬ್ಬರು ಹುಡುಗರು. ಉದ್ದನೆಯವನಿಗೆ ಕಾಲು ಒಂದು ಕಡೆ ನಿಲ್ಲದು. ಕನ್ನಡಕದವನು ಗೋಡೆಯ ಮೇಲಿನ ಉತ್ಸವದ ಪೋಸ್ಟರ್ ಓದುತ್ತಾ ಅವನತ್ತ ತಿರುಗಿದ.

“ಶನಿವಾರ ಐದಕ್ಕೆ ನಿನ್ನ ಓಟ, ಆರಕ್ಕೆ ನಾಟಕ. ಏದುಸಿರು ಬಿಡೋ ಹೆಣಾನ ಯಾರಾದ್ರೂ ನೋಡಿದಾರೇನೋ?”

“ಓಟ ಬಿಟ್ಟೆ ಕಣೋ. ಹೆಣದ ಪಾರ್ಟೂ ಬೇಡ.”

“ತಲೆ ಕೆಟ್ಟಿದ್ಯಾ? ಸುಮ್ನೆ ಮಲಗಿರೋದಕ್ಕೇನು ಕಷ್ಟ ನಿಂಗೆ?”

“ಅಮ್ಮ ನಾಟಕ ನೋಡೋಕೆ ಬರ್ತಿದಾಳೆ.”

“ಬರ್ಲಿ ಬಿಡು, ಮುಂದಿನ ಸಾಲಲ್ಲೇ ಕೂರಿಸೋಣ.”

“ಅಪ್ಪನ ಮೇಲೆ ಬಿಳಿ ಬಟ್ಟೆ ಹೊದಿಸಿ ಇನ್ನೂ ವರ್ಷ ಆಗಿಲ್ಲ. ಈಗ ನನ್ನ ಮೇಲೂ ಹೊದಿಸೋದನ್ನ ನೋಡ್ಬೇಕಾ ಅವಳು?”

ಸಾಲು ಮುಂದೆ ಸರಿಯಿತು. ಅವರಿಬ್ಬರೂ ಸರಿಯಲಿಲ್ಲ. ಮೇಡಂ ಹಿಂದಿನವರಿಗೆ ಮುಂದೆ ಹೋಗಲು ಕೈಸನ್ನೆ ಮಾಡಿದರು.

“ನೀನು ಹೆಣ ಆಗು. ನೀನು ಮಾಡ್ತಿರೋ ಮಗನ ಪಾರ್ಟು ನಂಗೆ ಕೊಡು.”

“ಅಷ್ಟೊಂದು ಮಾತು ಯಾವಾಗ ಕಲೀತೀಯೋ?”

“ಎಲ್ಲ ಬಾಯಿಪಾಠ ಆಗಿದೆ. ದಿನಾ ನಿನ್ನ ಕಾಲ ಹತ್ರಾನೇ ಮಲಗಿ ಕೇಳ್ತಿಲ್ವಾ?”

“ಕೊನೇಲಿ ಹೆಣದ ಮೇಲೆ ಬಿದ್ದು ಅಳ್ಬೇಕು. ಬರುತ್ತಾ?”

ಉದ್ದನೆಯವನ ಕಾಲು ಈಗ ನಿಂತಿತು.

“ಗೊತ್ತಿಲ್ಲ. ಅವತ್ತಂತೂ ಬರ್ಲಿಲ್ಲ. ಬಂದೋರಿಗೆಲ್ಲ ಕುರ್ಚಿ ಹಾಕ್ತಾ ಓಡಾಡ್ತಿದ್ದೆ.”

ಕನ್ನಡಕದವನು ಅವನ ಹೆಗಲಿಗೆ ಕೈ ಹಾಕಿ ಸಾಲಿನಿಂದ ಹೊರಗೆ ಕರೆದೊಯ್ದ.

“ನಡಿ, ಹಾಲ್ ಖಾಲಿ ಇರುತ್ತೆ. ನಾನು ಮಲಗ್ತೀನಿ.”