ಒಪ್ಪಿಸಿ ಕೊಡೋ ಹೊತ್ತಿನ ಎರಡು ನಿಮಿಷ

ಅಲ್ಲ ಸುನಂದಾ, ಎದ್ದು ನಿಂತ್ಯಾಕ? ಕೂಡು, ಕೂಡು... ಹದಿನಾಲ್ಕು ಪರ್ಸೆಂಟ್ ಕಾಪಿ ಆಗ್ಯಾದ ನೋಡು! ಕಮಲಾಪುರದಿಂದ ಬಸ್ಸಿನ್ಯಾಗ ನಿಂತು ಬಂದೀದಿ. ಅಣ್ಣನ ಸ್ಟುಡಿಯೋದಾಗ ಒಂದು ಕಪ್ ಚಾ ಕುಡೀಲಾಕರ ಟೈಮ್ ಇಲ್ಲೇನು?

ಯಾಕ ನಗ್ತಿ? ಅಮರಣ್ಣ ಸುಳ್ಳು ಹೇಳ್ತಾನ ಅಂತೀಯೇನು? ಖರೇನೇ ಅದ ತಂಗಿ. ಈ ಕಂಪ್ಯೂಟರ್ ಅಪ್‌ಡೇಟ್ ಆದಾಗಿಂದ ಇದೇ ಹಣೆಬರಹ! ಮೊದಲ ಒಂದು ಮದುವಿ ವಿಡಿಯೋ ಹಾರ್ಡ್ ಡಿಸ್ಕಿಗೆ ಹಾಕಲಾಕ ಅರ್ಧ ತಾಸು ಸಾಕಿತ್ತು. ಈಗ ಎತ್ತಿನ ಬಂಡಿ ಹೋದಂಗ ಹೋಗ್ತದ. ಕೇಬಲ್ ಬದಲ ಮಾಡಿದೆ. ಹಿಂದಿನ ಪೋರ್ಟಿಗೆ ಹಚ್ಚಿ ನೋಡಿದೆ. ಇಲ್ಲೇ ಶಹಾಬಜಾರದಾಗ ರಿಪೇರಿ ಮಾಡೋ ಝಹೀರ್ ಭಾಯ್‌ನ ಕರಕೊಂಡು ಬಂದೆ. ಅಂವ ಏನೇನೋ ತಗದ, ಏನೇನೋ ಹಾಕಿದ... ಕಡೀಕ ಒಂದು ಸೆಟ್ಟಿಂಗ್ ಬದಲ ಮಾಡಿದ. ಆಹಾ! ಐದು ನಿಮಿಷದಾಗ ಕಾಪಿ ಖತಂ!

ಹಾಂ? ಮತ್ತ ಈಗ್ಯಾಕ ಇಷ್ಟು ನಿಧಾನ ಅಂತೀ? ಅದೂ... ಆ ಸೆಟ್ಟಿಂಗ್ ತಗದುಬಿಟ್ಟೆ. ಯಾಕಂದ್ರ... ಚಾ ಆರಾಕತ್ತದ, ಕುಡಿ.

ನಿನಗೇನು ಬೇಕು ಅಂತ ನನಗ ಗೊತ್ತದ. ಪೂರಾ ಮದುವಿ ಬ್ಯಾಡ. ಒಪ್ಪಿಸಿ ಕೊಡೋ ಹೊತ್ತಿಂದು, ಎರಡೇ ನಿಮಿಷ. ನಿನ್ನ ಕೈ ಹಿಡದು ಅತ್ತಿ ಉಡ್ಯಾಗ ಇಟ್ಟು, ಅಪ್ಪ ನಿನ್ನ ಕಿವ್ಯಾಗ ಏನೋ ಅಂದ. ಬ್ಯಾಂಡಿನವರು ಬಾರಸಾಕತ್ತಿದ್ರು, ನೀ ಅಳಾಕತ್ತಿದ್ದಿ, ಒಂದು ಮಾತೂ ಕೇಳಿಸ್ಲಿಲ್ಲ. ‘ಚಿಂತಿ ಮಾಡಬ್ಯಾಡ, ಅಪ್ಪನ ಅಂಗಿಗೆ ಮೈಕ್ ಹಚ್ಚೀನಿ, ಎಲ್ಲಾ ಬಂದಿರ್ತದ’ ಅಂದವ ನಾನೇ. ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ನೀ ದಿನಾ ಫೋನ್ ಮಾಡ್ತಿ, ನಾ ದಿನಾ ಸ್ಪೀಡ್ ಇಲ್ಲ ಅಂತೀನಿ...

ಅಷ್ಟು ಹತ್ರ ಹೋಗಿ ಏನು ನೋಡ್ತಿ? ಕಣ್ಣಿಗೆ ತ್ರಾಸ ಆಗ್ತದ. ಅದು... ಅದು ಫೋಲ್ಡರಿನ ಹೆಸರು. ಹೌದು, ‘ಕಪನೂರ ಮದುವಿ’ ಅಂತ ಅದ. ಅಂದ್ರ... ಅದರ ಹಿಂದೇ ನಿಂದು ಬರ್ತದ. ಪಾಳಿ ಪ್ರಕಾರ...

ಸುನಂದಾ.

ಮೌಸ್ ಬಿಡು, ಹುಡುಕಬ್ಯಾಡ. ಬೈಯಿ ಬೇಕಾದ್ರ.

ಇಲ್ಲ ತಂಗಿ. ನಿಂದು ಇದರಾಗ ಇಲ್ಲ. ಯಾವುದರಾಗೂ ಇಲ್ಲ.

ಆ ಸೆಟ್ಟಿಂಗ್ ಹಾಕಿದ್ರ ಪರದೆ ಮ್ಯಾಲ ಕಾಪಿ ಮುಗದಂಗ ಕಾಣ್ತದ, ಒಳಗ ಇನ್ನೂ ನಡದಿರ್ತದ. ‘ಇಜೆಕ್ಟ್’ ಒತ್ತಿದ ಮ್ಯಾಲೇ ವೈರ್ ತಗೀಬೇಕು ಅಂತ ಝಹೀರ್ ಭಾಯ್ ಹತ್ತು ಸಲ ಹೇಳಿದ್ದ. ನಂದು ಹನ್ನೆರಡು ವರ್ಷದ ರೂಢಿ... ಜಗ್ಗಿಬಿಟ್ಟೆ. ನಿನ್ನ ಮದುವಿ ಮರುದಿನ ಮುಂಜಾನಿ. ಕಪನೂರದಾಗ ಇನ್ನೊಂದು ಮದುವಿ, ಅಕ್ಕಿಕಾಳು ಹಾಕೋ ಮುಹೂರ್ತಕ್ಕ ಹೊತ್ತಾಗಿತ್ತು, ಗಡಬಡಿ! ನಿನ್ನ ಒಪ್ಪಿಸಿ ಕೊಡೋ ಹೊತ್ತಿಂದು ಇದ್ದ ಕ್ಯಾಮೆರಾ ಕಾರ್ಡ್ ಅಳಸಿ, ಅದರ ಮ್ಯಾಲೇ ಅವರ ಮದುವಿ ತಗದೆ. ಎಂಟು ದಿನದ ಮ್ಯಾಲ ಎಡಿಟಿಂಗಿಗೆ ಕುಂತಾಗ ಗೊತ್ತಾತು. ಝಹೀರ್ ಭಾಯ್ ಎರಡು ದಿನ ಹುಡುಕಿದ. ಏನೂ ಸಿಗ್ಲಿಲ್ಲ.

ಹೌದು... ಆಗ ಅಪ್ಪ ಇದ್ದ. ನೀ ಕುಂತ ಕುರ್ಚಿ ಮ್ಯಾಲೇ ಕುಂತು ಚಾ ಕುಡದ. ‘ಸುನಂದಾಗ ಏನಂದ್ಯಪ್ಪಾ?’ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಿದ್ರ ಕಳಕೊಂಡೀನಿ ಅಂತ ಗೊತ್ತಾಗ್ತಿತ್ತಲ್ಲ! ‘ವಿಡಿಯೋ ಹ್ಯಾಂಗ ಬಂದದಪಾ?’ ಅಂತ ಅಪ್ಪನೇ ಕೇಳಿದ. ಚಂದ ಬಂದದ ಅಂದೆ.

ಯಾಕ ಇನ್ನೂ ನನ್ನ ಮಾರಿನೇ ನೋಡಾಕತ್ತೀದಿ? ಕ್ಯಾಮೆರಾ ಹಿಡದು ಬಾಜೂಕೇ ನಿಂತಿದ್ದೆ, ಕಿವಿಗೆ ಹೆಡ್‌ಫೋನ್ ಇತ್ತು... ಅಣ್ಣನರ ಕೇಳಿರಬೇಕು, ಈಗ ಹೇಳ್ತಾನ ಅಂತ ಕಾಯಾಕತ್ತೀದಿ, ಹೌದಿಲ್ಲೋ?

ಹೆಡ್‌ಫೋನ್ ಕೊರಳಿಗೆ ಇಳಿಸಿದ್ದೆ, ಸುನಂದಾ. ಹ್ಯಾಂಗೂ ರೆಕಾರ್ಡ್ ಆಗಾಕತ್ತದ, ಆಮ್ಯಾಲ ಆರಾಮಾಗಿ ಕೇಳಿದ್ರಾತು ಅಂತ...