ಸೋಮವಾರ ಬಿಟ್ಟು ದಿನವೂ ನಾಲ್ಕೂ ಹತ್ತಕ್ಕೆ

ಮಾನ್ಯ ಅಧ್ಯಕ್ಷರಾದ ಷಡಕ್ಷರಪ್ಪನವರೇ, ಇಂದು ಸನ್ಮಾನಕ್ಕೆ ಪಾತ್ರಳಾಗಿರುವ ನಮ್ಮ ಬೀದಿಯ ಡಾಕ್ಟರ್ ಸ್ಪಂದನಾ, ನ್ಯೂ ಟೌನಿನ ಬಂಧುಗಳೇ, ಸೇತುವೆ ದಾಟಿ ಓಲ್ಡ್ ಟೌನಿನಿಂದ ಬಂದು ಮೂರನೆಯ ಸಾಲಿನಲ್ಲಿ ಕುಳಿತಿರುವ ನಿವೃತ್ತ ಶಿಕ್ಷಕಿ ವಿಮಲಮ್ಮನವರೇ, ಉಳಿದೆಲ್ಲ ಸಭಿಕರೇ,

ಇಟ್ ಈಸ್ ಮೈ ಪ್ರೌಡ್ ಪ್ರಿವಿಲೇಜ್ ಟು... ಇದರ ಮುಂದೆ ಪಿಯುಸಿಯಲ್ಲಿ ಏನೋ ಇತ್ತು. ಇರಲಿ, ಕನ್ನಡದಲ್ಲೇ ಸಂತೋಷಪಡುತ್ತೇನೆ.

ಸ್ಪಂದನಾ ಪಿಎಚ್.ಡಿ. ಮಾಡಿದ್ದು ಯಾವುದರ ಮೇಲೆ? ಆಕಾಶದಲ್ಲಿ ಖಾಲಿ ಬಿದ್ದಿರುವ ರೇಡಿಯೋ ತರಂಗಗಳ ಮೇಲೆ. ಅರ್ಥವಾಗಲಿಲ್ಲವೇ? ನನಗೂ ಆಗಿರಲಿಲ್ಲ. ಶಂಕರಘಟ್ಟದ ಬಸ್ಸಿನಲ್ಲಿ ಹೆಂಗಸರ ಸೀಟು ಖಾಲಿ ಇದ್ದರೆ ನಾವು ಕೂರುವುದಿಲ್ಲವೇ? ಅವರು ಹತ್ತಿದ ಕೂಡಲೇ ಏಳುವುದಿಲ್ಲವೇ? ಏಳುತ್ತೇವೆ, ನಿದ್ದೆ ಬಂದಂತೆ ನಟಿಸದಿದ್ದರೆ. ತರಂಗಗಳಿಗೂ ಹಾಗೆಯೇ ಒಡೆಯರಿದ್ದಾರೆ. ಒಡೆಯರು ಸುಮ್ಮನಿರುವ ಹೊತ್ತನ್ನು ಕಿವಿಗೊಟ್ಟು ಪತ್ತೆಹಚ್ಚಿ ಬೇರೆಯವರಿಗೆ ಜಾಗ ಕೊಡುವುದೇ ಈ ಹುಡುಗಿಯ ವಿದ್ಯೆ.

ಮೂರು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ, ಆಕೆ ನಮ್ಮ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ ನಲವತ್ತು ದಿನ ಕಿವಿಗೊಟ್ಟಳು. ಒಂದು ದಿನ ಕೆಳಗಿಳಿದು ಬಂದವಳೇ, "ಅಂಕಲ್, ಖಾಲಿ ಇರ್ಬೇಕಾದ ಜಾಗದಲ್ಲಿ ಯಾರೋ ಇದಾರೆ. ಸೋಮವಾರ ಬಿಟ್ಟು ದಿನಾ ನಾಲ್ಕೂ ಹತ್ತಕ್ಕೆ ಶುರು, ನಲವತ್ತು ನಿಮಿಷ!" ಎಂದಳು.

ನನ್ನ ಕೈಯಲ್ಲಿದ್ದ ಕಾಫಿ ಪಂಚೆಗೆ ಬಿತ್ತು. "ಏನು ಮಾತಾಡ್ತಾರೆ ಅಂತ ಗೊತ್ತಾಗುತ್ತೇನಮ್ಮ?" ಎಂದು ಕೇಳಿದೆ.

"ಇಲ್ಲ ಅಂಕಲ್. ಶಕ್ತಿ ಇದೆ ಅಂತ ಮಾತ್ರ ಗೊತ್ತಾಗುತ್ತೆ."

ನನ್ನ ಅರವತ್ತಾರನೆಯ ವಯಸ್ಸಿನಲ್ಲಿ ಅಷ್ಟನ್ನು ಒಂದು ಯಂತ್ರ ಹೇಳಿದ್ದು ಸಣ್ಣ ಮಾತೇ?

ಸಭಿಕರೇ, ಆಕೆಯ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ 'ಅಪರಿಚಿತ ಬಳಕೆದಾರ' ಎಂದು ಬರುವವನು ಯಾರು? ಬೇರೆ ಯಾರೂ ಅಲ್ಲ, ನಿಮ್ಮೆದುರು ನಿಂತಿರುವ ಈ ಗಂಗಾಧರಪ್ಪ. ಮದ್ರಾಸಿನಿಂದ ತರಿಸಿದ, ದೂರಕ್ಕೂ ಕೇಳಿಸುವ ಕಾರ್ಡ್‌ಲೆಸ್ ಫೋನು. ಲೈಸೆನ್ಸು ಗೀಸೆನ್ಸು ಇರಲಿಲ್ಲ. ಅದರ ಪೆಟ್ಟಿಗೆ ನಮ್ಮ ಮನೆಯಲ್ಲಿ, ಅದರಲ್ಲೂ ಮಾತಾಡಬಹುದು; ಕೈಯಲ್ಲಿ ಹಿಡಿಯುವುದು ಓಲ್ಡ್ ಟೌನಿನ ಒಂದು ಮನೆಯಲ್ಲಿ. ಮೊಬೈಲ್ ಇರಲಿಲ್ಲವೇ ಎನ್ನುತ್ತೀರಿ. ಇತ್ತು. ಅದರಲ್ಲಿ ಯಾರ ಹೆಸರಿದೆ ಎಂದು ಮೊಮ್ಮಕ್ಕಳು ನೋಡುತ್ತಾರೆ!

ನನ್ನ ಹೆಂಡತಿ ಉಮಾಮಹೇಶ್ವರಿ ಹೋಗಿ ಒಂಬತ್ತು ವರ್ಷವಾಯಿತು. "ನಿಮ್ಮ ಹೊಟ್ಟೇಲಿ ಗುಟ್ಟು ನಿಲ್ಲಲ್ಲ, ಮಾರಾಯ್ರೇ" ಎನ್ನುತ್ತಿದ್ದಳು. ನಾಲ್ಕು ವರ್ಷ ನಿಲ್ಲಿಸಿದೆ. ಅವಳಿದ್ದಿದ್ದರೆ ಮೆಚ್ಚುತ್ತಿದ್ದಳು... ಅಲ್ಲ, ಅವಳಿದ್ದಿದ್ದರೆ ಗುಟ್ಟೇ ಇರುತ್ತಿರಲಿಲ್ಲ. ಫೋನಿನಲ್ಲಿ ಮೊದಲು ಮಾತಾಡಿದ್ದೂ ಅವಳ ಬಗ್ಗೆಯೇ. ಆಮೇಲೆ ಸಾರಿನ ಪುಡಿ, ಮಂಡಿನೋವು, ಆಮೇಲೆ ಏನೂ ಇಲ್ಲದೆಯೂ ನಲವತ್ತು ನಿಮಿಷ.

ಡಾಕ್ಟರೇಟ್ ಸಿಕ್ಕಿದ ದಿನ ಸ್ಪಂದನಾ ಪೇಢೆ ತಂದಳು. "ಅಂಕಲ್, ಮೊನ್ನೆ ಸೋಮವಾರ ನಾಲ್ಕು ಗಂಟೆಗೆ ಈಶ್ವರನ ಗುಡೀಲಿ ವಿಮಲಾ ಟೀಚರ್ ಸಿಕ್ಕಿದ್ರು. ಪ್ರತಿ ಸೋಮವಾರ ಬರ್ತಾರಂತೆ" ಎಂದು ನಕ್ಕಳು. ಇಂಥ ಕಿವಿಗೆ ಎರಡು ಪಿಎಚ್.ಡಿ. ಕೊಡಬೇಕಿತ್ತು. ಅಂದೇ ಪೆಟ್ಟಿಗೆಯ ವೈರು ಕಿತ್ತು ಅವಳ ಕೈಗೆ ಕೊಟ್ಟೆ.

ಕೀಳುವ ಮುಂಚೆ ಅದೇ ಫೋನಿನಲ್ಲಿ ಕೊನೆಯದಾಗಿ ಒಂದು ಮಾತು ಕೇಳಿದ್ದೆ. ಇನ್ನು ಮೇಲೆ ಇಬ್ಬರೂ ಒಂದೇ ಸೂರಿನಡಿ ಇರೋಣವೇ ಎಂದು. ಬಂದ ಉತ್ತರ: "ಸುಮ್ನಿರಿ ಗಂಗಾಧರಪ್ಪನೋರೆ, ಫೋನಲ್ಲಿ ಎಲ್ರೂ ಹುಲಿಗಳೇ. ನಾಕು ಜನದ ಎದುರು ಕೇಳಿ, ಆಮೇಲೆ ನೋಡೋಣ."

ಇಲ್ಲಿ ಇನ್ನೂರು ಜನ ಇದ್ದೀರಿ. ವಿಮಲಮ್ಮನವರೇ, ಕೇಳಿದ್ದೇನೆ.

ಅಧ್ಯಕ್ಷರೇ, ಚೀಟಿ ಕಳಿಸಬೇಡಿ, ಮುಗಿಸಿದೆ. ವಿಮಲಮ್ಮನವರು ಎದ್ದು ನಿಂತಿದ್ದಾರೆ. ಬಾಗಿಲ ಕಡೆ ಹೋಗುತ್ತಿಲ್ಲ, ವೇದಿಕೆಯ ಕಡೆಗೇ ಬರುತ್ತಿದ್ದಾರೆ. ಬೈಯಲಿಕ್ಕೋ ಒಪ್ಪಲಿಕ್ಕೋ ತಿಳಿಯದು. ಎರಡಕ್ಕೂ ಮೈಕು ಬೇಡ. ಸ್ಪಂದನಾಳಿಗೆ ಅಭಿನಂದನೆ, ಕೇಳಿಸಿಕೊಂಡ ನಿಮಗೆಲ್ಲ ವಂದನೆ. ಯಾರಾದರೂ ಇದನ್ನು ಆಫ್ ಮಾಡಿ. ನಮಸ್ಕಾರ.