ಅಚ್ಚಿಗೆ ಎಣ್ಣೆ ಹಚ್ಚಿದ ವಾರ

ಎಡಕ್ಕೇ ತಿರುಗಿದೀನಿ ಅಂತ ಆ ಟ್ರ್ಯಾಕ್ಟರಿನವನಿಗೆ ಮೂರನೇ ಸಲ ಹೇಳ್ತಿದ್ದೆ, ಅವನು ಮಾತ್ರ "ನೀವು ತಿರುಗಿದ ಎಡ ಬೇರೆ, ನೋರಾ ಮನೆ ಎಡ ಬೇರೆ" ಅಂತಿದ್ದ. ಅತ್ಲೋನ್ ಬಸ್ಸಿಂದಿಳಿದು ಒಂದು ಗಂಟೆ ನಡೆದಿದ್ದೆ, ಅಲ್ಲ, ಒಂದೂವರೆ ಇರಬೇಕು, ಕೆರೆ ಕಾಣ್ತಿತ್ತು, ದಾರಿ ಕಾಣ್ತಿರಲಿಲ್ಲ. "ಮೊದಲು ಅಲ್ಲೊಂದು ಪಬ್ ಇತ್ತು, ಈಗಿಲ್ಲ, ಅದರ ಹತ್ರ ಬಲಕ್ಕೆ ಹೋದ್ರೆ ಗ್ರ್ಯಾಂಡ್" ಅಂದ. ಅಲ್ಲಿನೋರಿಗೆ ಸರಿಯಿದ್ದದ್ದೆಲ್ಲ ಗ್ರ್ಯಾಂಡೇ. ಇಲ್ಲದ ಪಬ್ ಹತ್ರ ತಿರುಗೋದು ಹ್ಯಾಗಪ್ಪಾ ಅಂದ್ರೆ, "ಎಲ್ರೂ ತಿರುಗ್ತಾರಲ್ಲ" ಅಂದ. ಮೊಂಬಾಸಾದಲ್ಲಿ, ಮಸ್ಕತ್ತಲ್ಲಿ ಬೇಕಾದಷ್ಟು ದಾರಿ ತಪ್ಪಿದೀನಿ ಕಣೇ ಇಳಾ, ಇಷ್ಟು ಮರ್ಯಾದೆಯಿಂದ ಯಾರೂ ತಪ್ಪಿಸಿರಲಿಲ್ಲ.

ಹೊರಟಿದ್ದು ಕೆಲಸ ಕೇಳೋಕೆ. ನಾನು ಅಡುಗೆ ಮಾಡ್ತಿದ್ದ ಕ್ಯಾಂಟೀನ್ ಮುಚ್ಚಿ ಎರಡು ತಿಂಗಳಾಗಿತ್ತು, ಇನ್ನೊಂದು ವಾರದಲ್ಲಿ ಕೆಲಸ ಸಿಗದಿದ್ರೆ ರೂಮು ಖಾಲಿ ಮಾಡಬೇಕಿತ್ತು. ಈ ನೋರಾ ಎಪ್ಪತ್ತು ದಾಟಿದ ಐರಿಶ್ ಹೆಂಗಸು, ಮೀನು ಹಿಡಿಯೋ ಗಾಳಕ್ಕೆ ಕಟ್ತಾರಲ್ಲ ಸೀಸದ ಗುಂಡು, ಅದನ್ನ ಮನೆ ಹಿಂದಿನ ಶೆಡ್ಡಲ್ಲಿ ಎರಕ ಹೊಯ್ದು ಅಂಗಡಿಗೆ ಕೊಡ್ತಿದ್ಲು. ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿತ್ತು. "ಅನುಭವ ಇದೆಯಾ?" ಅಂದ್ಲು. "ನಮ್ಮಪ್ಪ ಮಲ್ಪೇಲಿ ಬಲೆಗೆ ಸೀಸ ಕಟ್ತಿದ್ರು" ಅಂದೆ. ಸುಳ್ಳಲ್ಲ. ಕಟ್ತಿದ್ರು, ಹೊಯ್ತಿದ್ದೋರು ಬೇರೆ ಯಾರೋ. "ಶುಕ್ರವಾರದೊಳಗೆ ನಲವತ್ತು ನಯವಾಗಿ ಬಂದ್ರೆ ಕೆಲಸ ನಿನ್ನದು" ಅಂದ್ಲು.

ಸೋಮವಾರ ಶೆಡ್ ಬಾಗಿಲು ತೆರೆದಿಟ್ಟು, ನನಗೆ ಕನ್ನಡಕ, ಕೈಗವಸು ಹಾಕಿಸಿ, ಟೀ ಮಾಡ್ತೀನಿ ಅಂತ ಒಳಗೆ ಹೋದ್ಲು. ಅಚ್ಚು ಅಲ್ಯೂಮಿನಿಯಂದು, ನಾಲ್ಕು ಗುಳಿ, ಥೇಟ್ ಇಡ್ಲಿ ತಟ್ಟೆ. ನಾನೇನು ಮಾಡಿದೆ ಹೇಳು? ಗುಳಿಗೆಲ್ಲ ಎಣ್ಣೆ ಸವರಿದೆ. ಮೂವತ್ತು ವರ್ಷ ಅಡುಗೆ ಮಾಡಿದ ಕೈ, ಗುಳಿ ಕಂಡ್ರೆ ತಾನೇ ಸವರುತ್ತೆ. ಹೊಯ್ದು ತೆಗೆದ್ರೆ ಒಂದೊಂದು ಗುಂಡೂ ಸುಕ್ಕು, ಮೈತುಂಬಾ ತೂತು, ಈಗಿನ ನನ್ನ ಮುಖದ ಹಾಗೆ. ಎಣ್ಣೆ ಕಮ್ಮಿಯಾಯ್ತು ಅಂದ್ಕೊಂಡು ಇನ್ನಷ್ಟು ಹಚ್ಚಿದೆ. ನೋರಾ ಬಂದು ಒಂದನ್ನ ಮೂಸಿ ನೋಡಿ, "ಇದನ್ನ ಕಟ್ಟೋದಾ, ಹುರಿಯೋದಾ?" ಅಂದ್ಲು.

ಮಂಗಳವಾರ ಪೂರ್ತಿ ಅಚ್ಚನ್ನ ಸೋಪು ಹಾಕಿ ಉಜ್ಜಿ ಒಣಗಿಸಿದ್ದೇ ಆಯ್ತು. ಬುಧವಾರ ಕಾಯಿಸಿದೆ. ಕಾದಿದೆಯಾ ನೋಡೋಣ ಅಂತ, ಕಾವಲಿಗೆ ಚಿಮುಕಿಸ್ತೀವಲ್ಲ ಹಾಗೆ, ಕೈಗವಸು ತೆಗೆದು ಬೆರಳನ್ನ ನೀರಲ್ಲಿ ಅದ್ದಿದೆ ನೋಡು, ನೋರಾ ಪ್ಲಾಸ್ಟರಿಲ್ಲದ ಕೈಯಲ್ಲಿ ನನ್ನ ರಟ್ಟೆ ಹಿಡಿದ್ಲು. "ಕರಗಿದ ಸೀಸಕ್ಕೆ ಒಂದು ಹನಿ ಸಿಕ್ಕಿದ್ರೂ ಅದು ಸಿಡಿದು ನಿನ್ನ ಮುಖಕ್ಕೆ ಬರುತ್ತೆ. ನಿಮ್ಮಪ್ಪ ಇದನ್ನ ಹೇಳಲಿಲ್ವಾ?"

"ಡಿಡ್ ಇಟ್ ಬ್ಲೋ ಅಪ್, ಅಜ್ಜಿ?" ಅಂತೀಯಲ್ಲ, ಸಿಡಿದಿದ್ರೆ ಈ ಕಥೆ ನೋರಾ ಹೇಳ್ತಿದ್ಲು.

ಅವತ್ತೇ ಅಂಗಡಿಯವನು ಇಪ್ಪತ್ತು ಗುಂಡಿಗೆ ಬಂದು ನಿಂತ. ನೋರಾ ತನ್ನ ಗಾಳಕ್ಕೆ ಅಂತ ಇಟ್ಕೊಂಡಿದ್ದ ಡಬ್ಬಿ ತಂದು ಅವನ ಚೀಲಕ್ಕೆ ಸುರಿದ್ಲು. ಅವನು ಹೋದ ಮೇಲೆ, "ಅಪ್ಪ ಕಟ್ತಿದ್ರು ಅಷ್ಟೇ, ನನಗೆ ಹೊಯ್ಯೋಕೆ ಬರಲ್ಲ" ಅಂದೆ. "ಮೊದಲ ಗುಂಡಿನಲ್ಲೇ ಗೊತ್ತಾಯ್ತು. ನನ್ನ ಡಬ್ಬಿಯ ಇಪ್ಪತ್ತು ನೀನು ನನಗೆ ಬಾಕಿ" ಅಂದು, ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಕಲಿಸಿದ್ಲು. ಅಚ್ಚು ತಣ್ಣಗಿದ್ರೆ ಸುಕ್ಕು, ಅತಿಯಾಗಿ ಕಾದ್ರೆ ವಿಭೂತಿ ಬಳಿದ ಹಾಗೆ ಮಂಕು ಬಿಳುಪು. ಮೊದಲ ಎರಡು ಸರ್ತಿ ಹೊಯ್ದಿದ್ದನ್ನ ನೋಡದೇ ವಾಪಸ್ ಪಾತ್ರೆಗೆ ಹಾಕಬೇಕು. ಮೊದಲ ದೋಸೆ ಯಾರು ತಿಂತಾರೆ, ಅದೊಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಗುಳಿಗೆ ಮೇಣದ ಬತ್ತಿ ಮಸಿ ಹಿಡಿಸಿದ್ರೆ ಸೀಸ ಮೂಲೆಮೂಲೆಗೂ ಇಳಿಯುತ್ತೆ.

ಶುಕ್ರವಾರ ಮೂರು ಗಂಟೆಗೆ ನಲವತ್ತಾಯ್ತು. ನೋರಾ ತಿರುಗಿಸಿ ತಿರುಗಿಸಿ ನೋಡಿ, "ಗ್ರ್ಯಾಂಡ್. ಸೋಮವಾರ ಬಾ" ಅಂದ್ಲು. ಇಪ್ಪತ್ತರ ಮಾತು ಎತ್ತಲಿಲ್ಲ. ನಾಲ್ಕೂವರೆಗೆ ಕೊನೇ ಬಸ್ಸು. ಕೋಟು ಹಾಕ್ಕೊಂಡವಳು ತೆಗೆದು ಮೊಳೆಗೆ ಸಿಕ್ಕಿಸಿ, ಮತ್ತೆ ಒಲೆ ಹಚ್ಚಿದೆ. ಇಪ್ಪತ್ತು ಹೊಯ್ದೆ. ಅವಳು ಒಂದೊಂದರ ಮೇಲೂ ಉಗುರು ಆಡಿಸಿ, ಎರಡನ್ನ ನನ್ನ ಕಡೆ ತಳ್ಳಿದ್ಲು. ದಾರಿ ತಪ್ಪದಿದ್ರೆ ಹತ್ತೇ ನಿಮಿಷದ ರಸ್ತೇಲಿ ಬಸ್ಸು ಹೋಗೋ ಸದ್ದು ಕೇಳಿಸ್ತು. ಆ ಎರಡನ್ನೂ ಕರಗಿಸಿ ಮತ್ತೆ ಹೊಯ್ದು, ಆರೋ ತನಕ ಕಾದು, ಡಬ್ಬಿಗೆ ಹಾಕಿ ಮುಚ್ಚಳ ಹಾಕಿ ಕೊಟ್ಟೆ. ನನಗೆ ಬರಲ್ಲ ಅನ್ನೋ ಮಾತು ಸೋಮವಾರ ಆಡಿದ್ರೆ ಅಗ್ಗ ಕಣೇ, ಬುಧವಾರಕ್ಕಾಗ್ಲೇ ತುಟ್ಟಿ.